ಎರಡು ಸಲ ಎಳೆದರೆ

ಇಪ್ಪತ್ತೆರಡು ವರ್ಷ ಈ ತಿರುವಿನಲ್ಲಿ
'ವ್ಯೂ ಪಾಯಿಂಟ್ ಯಾರ್ರೀ, ಬಾಗಿಲಿಗೆ ಬನ್ನಿ' ಅಂತ ಕೂಗಿದವಳು
ಒಂದು ಸಲವೂ ಇಳಿದಿರಲಿಲ್ಲ.
ಇಳಿಯುವವರ ಬೆನ್ನು ಗೊತ್ತು ನನಗೆ,
ಹತ್ತುವವರ ಗಾಳಿ ಬಡಿದ ಮುಖ ಗೊತ್ತು.
ನಡುವೆ ಅವರು ನೋಡಿದ್ದು ಏನೋ
ಟ್ರಿಪ್ ಶೀಟಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಇವತ್ತು ವಾರದ ರಜೆ.
ನನ್ನದೇ ರೂಟಿನಲ್ಲಿ, ಹೊಸ ಹುಡುಗಿಯ ಕೈಯಿಂದ
ಶೂನ್ಯ ದರದ ಚೀಟಿ ಹರಿಸಿಕೊಂಡು
ಬಿಸಿಲೆಯಲ್ಲಿ ಇಳಿದೆ.
'ಇಲ್ಲೇನ್ ಕೆಲ್ಸ ಅಕ್ಕಾ?' ಅಂದಳು.
ಹೇಳಲಿಲ್ಲ. ನನಗೂ ಗೊತ್ತಿರಲಿಲ್ಲ.

ಮಂಟಪದ ಕಟ್ಟೆಯ ಮೇಲೆ ಲೋಕಯ್ಯ,
ಕಣಿವೆಗೆ ಬೆನ್ನು ಕೊಟ್ಟು,
ಹಚ್ಚದ ಬೀಡಿ ಬೆರಳಲ್ಲಿ ಹಿಡಿದು.
ಬಸ್ಸಿನಲ್ಲೂ ಹಾಗೇ ಅವನು:
ಕಣಿವೆ ಬದಿಯ ಕಿಟಕಿ ಖಾಲಿಯಿದ್ದರೂ ಕೂರುವುದಿಲ್ಲ,
ಗುಡ್ಡ ಕಡಿದ ಬದಿಗೇ ಹೋಗಿ
ಬಂಡೆಯ ಗೀರುಗಳನ್ನು
ಪೇಪರು ಓದುವವರ ಹಾಗೆ ಓದುತ್ತ ಬರುತ್ತಾನೆ.

'ಗವಿ ನೋಡ್ತೀರಾ?' ಅಂದ.
ಏನಿದೆ ಅದರಲ್ಲಿ?
'ಏನೂ ಇಲ್ಲ. ಅದ್ಕೇ.'

ಬೇರು ಹಿಡಿದು, ಕೂತು, ಜಾರಿ,
ಚಪ್ಪಲಿ ಕೈಗೆ ಬಂದು, ಜಿಗಣೆ ಕಾಲಿಗೆ ಬಂದು
ಗವಿಯ ಬಾಯಿ ಸಿಕ್ಕಿತು, ನನ್ನ ಸೊಂಟದೆತ್ತರ.
ಒಳಗೆ ಬಾವಲಿಯ ಘಾಟು,
ಮುಳ್ಳುಹಂದಿಯ ಒಂದೇ ಮುಳ್ಳು, ಕಪ್ಪು ಬಿಳಿ,
ಲೆಕ್ಕ ಬರೆದು ಮರೆತಿಟ್ಟ ಪೆನ್ನಿನಂತೆ.
ಅವನು ಬ್ಯಾಟರಿ ಆರಿಸಿದ.
ಕಣ್ಣು ಬಿಟ್ಟದ್ದೋ ಮುಚ್ಚಿದ್ದೋ ತಿಳಿಯದಾಗ
ಬಂಡೆಯ ಆಚೆಯಿಂದ, ಕಿವಿಗಲ್ಲ, ಅಂಗೈಗೆ
ಕೇಳಿತು ಹೊಳೆ.

ಗವಿ ದಾಟಿದರೆ ಜೇನುಕಲ್ಲು.
ನೆತ್ತಿಯಿಂದ ನೇರ ಕೆಳಗೆ ಕಡಿದಿಟ್ಟ ಗೋಡೆ,
ಹೆಜ್ಜೇನು ಬಿಟ್ಟುಹೋದ ಮೇಣದ ಕಪ್ಪು ಕಲೆಗಳು.
ಹದಿನಾಲ್ಕು ವರ್ಷ ಅವನು ಇಲ್ಲಿ ನೇತಾಡಿದವನು.
ಮೇಲೆ ಹಗ್ಗ ಹಿಡಿಯುತ್ತಿದ್ದವನು ಹೆಂಡತಿಯ ಅಣ್ಣ ಕೆಂಚ.
'ಭಾವನೇ ಹಿಡೀಬೇಕು ಅಮ್ಮಾ.
ತಂಗಿ ತಾಳಿ ಅಲ್ವಾ, ಬಿಡಲ್ಲ.'
ಒಂದು ಸಲ ಎಳೆದರೆ ನಿಲ್ಲಿಸು,
ಎರಡು ಸಲ ಎಳೆದರೆ ಮೇಲೆತ್ತು.

ನಾನು ಸೇರಿದಾಗ ಬಸ್ಸಿನ ಗಂಟೆಗೂ ಹಗ್ಗವಿತ್ತು.
ಒಂದಕ್ಕೆ ಸ್ಟಾಪು, ಎರಡಕ್ಕೆ ರೈಟು.
ಇದನ್ನು ಅವನಿಗೆ ಹೇಳಿದೆ. 'ಮತ್ತೆ!' ಅಂದ,
ಬೇರೆ ಥರ ಇರಲು ಹೇಗೆ ಸಾಧ್ಯ ಅನ್ನುವ ಹಾಗೆ.

ಕೆಂಚ ಈಗ?
'ಅರಸೀಕೆರೇಲಿ, ಕೊಬ್ಬರಿ ಮಂಡಿ ಕಾಯ್ತಾನೆ.
ಅಲ್ಲಿ ನೆಲ ರೊಟ್ಟಿ ಹಂಗಂತೆ,
ಬೀಳೋಕೆ ಜಾಗ ಇಲ್ದೆ ನಿದ್ದೆ ಬರಲ್ಲ ಅಂತಾನೆ.'

ಹದಿನಾಲ್ಕು ವರ್ಷ, ಲೋಕಯ್ಯ,
ಇಷ್ಟು ದೊಡ್ಡ ಕಣಿವೆ ಕಾಲ ಕೆಳಗೆ. ಏನು ಕಂಡಿತು?
'ನಂಗೆ ಕಲ್ಲು. ಅವನಿಗೆ ಹಗ್ಗ.'

ಸೊಂಟದಿಂದ ನೈಲಾನ್ ಹಗ್ಗ ಬಿಚ್ಚಿದ.
ಹತ್ತಡಿ ಕೆಳಗೆ ಒಂದು ಚಾಚುಗಲ್ಲು,
ಅಲ್ಲಿ ಕೆಂಚನ ಸುಣ್ಣದ ಡಬ್ಬಿ ಬಿದ್ದು ಹನ್ನೊಂದು ವರ್ಷ.
'ಮರಕ್ಕೊಂದು ಸುತ್ತು ಹಾಕೀನಿ. ತುದಿ ಹಿಡ್ಕಳಿ.'
ನಾನು ನಿನ್ನ ನೆಂಟಳಲ್ಲ ಮಾರಾಯ, ಅಂದೆ.
'ಇಷ್ಟ್ ವರ್ಷದಿಂದ ಚಿಲ್ರೆ ಬಾಕಿ ಇಟ್ಕಂಡಿದೀರಿ.
ಇದ್ಕಿಂತ ನೆಂಟಸ್ತನ ಬೇಕಾ?'

ಇಳಿದ.
ತಲೆ ಮರೆಯಾಯಿತು. ಹಗ್ಗ ಬಿಗಿಯಾಯಿತು.
ಆಗಲೇ ಮಂಜು ಹರಿದಿರಬೇಕು.
ಮೇಲೆ ಮಂಟಪದಲ್ಲಿ ಯಾರೋ ಹೋ ಅಂದರು,
ಮಕ್ಕಳು ಬೆಟ್ಟ ಎಣಿಸಿದರು, ಒಂದು, ಎರಡು, ಅಕೋ ಮೂರು,
ಬಿಸಿಲು ನನ್ನ ಬಲಗೆನ್ನೆಗೆ ಬಂತು.
ತಿರುಗಲಿಲ್ಲ.
ನೀಲಿ ನೈಲಾನಿನ ಮೂರು ಎಳೆ,
ಅದರಲ್ಲೊಂದು ಸ್ವಲ್ಪ ಸವೆದದ್ದು,
ಅಷ್ಟೇ ಇತ್ತು ಲೋಕದಲ್ಲಿ.

ಎರಡು ಸಲ ಎಳೆತ.

ಮೇಲೆ ಬಂದವನ ಕೈಯಲ್ಲಿ ತುಕ್ಕು ಹಿಡಿದ ಡಬ್ಬಿ.
ಅಲ್ಲಾಡಿಸಿದ. ಒಣ ಸದ್ದು.
ನಾನು ಕತ್ತೆತ್ತುವಷ್ಟರಲ್ಲಿ ಕಣಿವೆ ಮತ್ತೆ ಮುಚ್ಚಿತ್ತು.

ಸಂಜೆ ಬಸ್ಸಿನಲ್ಲಿ ಬಂಡೆಯ ಬದಿ ಕೂತೆ.
ಅಂಗೈ ಇನ್ನೂ ಉರಿಯುತ್ತಿದೆ.
ನಾಳೆ ಡ್ಯೂಟಿ. ಅವನು ಹತ್ತುತ್ತಾನೆ.
ಮೂರು ರೂಪಾಯಿ ಬಾಕಿ, ಚೀಟಿಯ ಹಿಂದೆ ಬರೆದದ್ದು ನಾನೇ.
ಕೊಡುವುದಿಲ್ಲ.